ಕೈಯಲ್ಲೇ ಭಾಗ ಮಾಡಿ ಆರ್‌ಸಿ ಮಾನ್‌ಸ್ಟರ್ ಟ್ರಕ್ ಮಾಡಿಫೈ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈದಾನದಲ್ಲಿ ಆರ್‌ಸಿ, ಅಂದರೆ ರಿಮೋಟ್‌ನಿಂದ ಓಡುವ, ದೊಡ್ಡ ಚಕ್ರದ ಮಾನ್‌ಸ್ಟರ್ ಟ್ರಕ್ ಓಡಿಸುವಾಗ ಸುತ್ತ ನಿಂತು ನೋಡುವವರು, ಫೋನ್ ಮಾಡುವವರು, ಬರೆದು ಕೇಳುವವರು ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಹೆಚ್ಚಿನ ಉದಾಹರಣೆಗಳು ಟಮಿಯಾ ಕಂಪನಿಯ ಕ್ಲಾಡ್ ಬಸ್ಟರ್ ಟ್ರಕ್ಕಿನವು. ನಿಮ್ಮ ಹತ್ತಿರ ಬೇರೆ ಟ್ರಕ್ ಇದ್ದರೂ ಕೆಲಸದ ರೀತಿ ಅದೇ. ಮೊದಲ ಪ್ರಶ್ನೆಗಳು ಹೊಸಬರಿಗೆ, ಕೊನೆಯವು ಈಗಾಗಲೇ ಸ್ಕ್ರೂಡ್ರೈವರ್ ಹಿಡಿದು ಕೂತವರಿಗೆ.

## ಶುರು ಮಾಡುವವರಿಗೆ

ಅಂಗಡಿಯಲ್ಲಿ ಸಿಗೋ ರಿಮೋಟ್ ಕಾರ್ ಇದೆ. ಅದನ್ನೇ ಮಾನ್‌ಸ್ಟರ್ ಟ್ರಕ್ ಮಾಡಬಹುದಾ?

ಕಲಿಯೋದಕ್ಕೆ ಬಿಚ್ಚಿ ನೋಡಿ, ತಪ್ಪೇನಿಲ್ಲ. ಆದರೆ ಅದರ ಮೇಲೆ ದುಡ್ಡು ಸುರಿಯಬೇಡಿ. ಅಂಥ ಕಾರುಗಳಲ್ಲಿ ರಿಸೀವರ್ (ರಿಮೋಟಿನ ಸಂಕೇತ ಹಿಡಿಯುವ ಭಾಗ), ಮೋಟರ್ ಕಂಟ್ರೋಲ್, ಸ್ಟೀರಿಂಗ್ ಎಲ್ಲಾ ಸಾಮಾನ್ಯವಾಗಿ ಒಂದೇ ಬೋರ್ಡಿನ ಮೇಲಿರುತ್ತವೆ. ಒಂದನ್ನು ಬದಲಿಸಬೇಕೆಂದರೆ ಎಲ್ಲವನ್ನೂ ಬದಲಿಸಬೇಕು. ಹಾಬಿ ದರ್ಜೆಯ ಟ್ರಕ್ಕಿನಲ್ಲಿ ಸರ್ವೋ (ಸ್ಟೀರಿಂಗ್ ತಿರುಗಿಸುವ ಸಣ್ಣ ಮೋಟರ್), ರಿಸೀವರ್, ಸ್ಪೀಡ್ ಕಂಟ್ರೋಲರ್ (ಮೋಟರಿನ ವೇಗ ನಿಯಂತ್ರಿಸುವ ಭಾಗ), ಮೋಟರ್ ನಾಲ್ಕೂ ಬೇರೆ ಬೇರೆ. ಒಂದು ಹೋದರೆ ಅದನ್ನು ಮಾತ್ರ ಬದಲಿಸಿದರೆ ಸಾಕು. ಮುರಿದ ಪ್ಲಾಸ್ಟಿಕ್ ಭಾಗವೂ ಬಿಡಿಯಾಗಿ ಸಿಗುತ್ತದೆ.

ಕೈಯಲ್ಲಿ ಭಾಗ ಮಾಡೋಕೆ ಯಾವ ಟ್ರಕ್ ಒಳ್ಳೇದು?

ನನ್ನ ಉತ್ತರ ಯಾವಾಗಲೂ ಕ್ಲಾಡ್ ಬಸ್ಟರ್. 1987ರಲ್ಲಿ ಬಂದ 1/10 ಅಳತೆಯ ಕಿಟ್ ಇದು. ಹಳೆಯದೇ, ಆದರೆ ಇದರ ವಿನ್ಯಾಸ ಕೈಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮುಂದೊಂದು, ಹಿಂದೊಂದು ಗಟ್ಟಿ ಆಕ್ಸಲ್ (ಎಡ ಬಲ ಚಕ್ರಗಳನ್ನು ಸೇರಿಸುವ ಅಡ್ಡ ಭಾಗ). ಪ್ರತಿ ಆಕ್ಸಲ್ ಮೇಲೂ ಅದರದೇ 540 ಗಾತ್ರದ ಮೋಟರ್, ಅದರದೇ ಗೇರ್‌ಬಾಕ್ಸ್. ನಡುವೆ ಡ್ರೈವ್ ಶಾಫ್ಟ್ ಇಲ್ಲ, ನಡುವಿನ ಗೇರ್‌ಬಾಕ್ಸ್ ಕೂಡ ಇಲ್ಲ. ಹಾಗಾಗಿ ಆಕ್ಸಲ್ ಎರಡನ್ನು ಇಟ್ಟುಕೊಂಡು ನಡುವಿನದೆಲ್ಲವನ್ನೂ ನೀವೇ ಮಾಡಬಹುದು. ಎರಡು ತಗಡು, ಎಂಟು ಲಿಂಕ್ ರಾಡ್ (ಆಕ್ಸಲನ್ನು ಷಾಸಿಗೆ, ಅಂದರೆ ಟ್ರಕ್ಕಿನ ಚೌಕಟ್ಟಿಗೆ, ಹಿಡಿದಿಡುವ ಕಡ್ಡಿ), ನಾಲ್ಕು ಶಾಕ್ (ಶಾಕ್ ಅಬ್ಸಾರ್ಬರ್) ಇದ್ದರೆ ಹೊಸ ಟ್ರಕ್ಕೇ ತಯಾರು. ಶಾಫ್ಟ್ ಉದ್ದ, ಅದರ ಕೋನ ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಟ್ರಾಕ್ಸಸ್ ಸ್ಟ್ಯಾಂಪೀಡ್ ಥರದ, ಚಕ್ರಗಳು ಬೇರೆ ಬೇರೆಯಾಗಿ ಕುಣಿಯುವ ಟ್ರಕ್ಕುಗಳೂ ಒಳ್ಳೆಯವೇ. ಆದರೆ ಅಲ್ಲಿ ನೀವು ಬಂಪರ್, ಬ್ಯಾಟರಿ ತಟ್ಟೆ, ಶಾಕ್ ಟವರ್ (ಶಾಕ್‌ನ ಮೇಲ್ತುದಿ ಹಿಡಿಯುವ ತಟ್ಟೆ) ಮಾಡಬಹುದು. ಇಡೀ ಷಾಸಿ ಮಾಡೋದು ಕಷ್ಟ.

ದುಡ್ಡು ಕೊಟ್ರೆ ರೆಡಿಮೇಡ್ ಭಾಗ ಬರುತ್ತಲ್ವಾ? ಕೈಯಲ್ಲಿ ಯಾಕೆ?

ಬರುತ್ತದೆ, ಆದರೆ ದುಬಾರಿ. ಆಟಿಕೆಗಳ ಮೇಲಿನ ಕಸ್ಟಮ್ಸ್ ಸುಂಕ 2020ರ ಬಜೆಟ್‌ನಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಅದರ ಮೇಲೆ ಸಾಗಾಣಿಕೆ ಖರ್ಚು. ಒಂದು ಸಣ್ಣ ಅಲ್ಯೂಮಿನಿಯಂ ತುಂಡಿಗೆ ವಾರಗಟ್ಟಲೆ ಕಾಯುವ ಬದಲು ಒಂದು ಸಂಜೆಯಲ್ಲಿ ಅದನ್ನೇ ಮಾಡಿಬಿಡಬಹುದು.

ನನಗೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನೀವೇ ಮಾಡಿದಾಗ ಟ್ರಕ್ಕಿನಲ್ಲಿ ಯಾವುದು ಮೊದಲು ಮುರೀಬೇಕು ಅನ್ನೋದನ್ನೂ ನೀವೇ ತೀರ್ಮಾನಿಸುತ್ತೀರಿ. ಅಸಲಿ ಮಾನ್‌ಸ್ಟರ್ ಟ್ರಕ್ ಹುಟ್ಟಿದ್ದೂ ಹೀಗೆಯೇ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಫೋರ್‌ವೀಲ್ ಡ್ರೈವ್ ಅಂಗಡಿ ನಡೆಸುತ್ತಿದ್ದ ಬಾಬ್ ಚಾಂಡ್ಲರ್ ತಮ್ಮ 1974ರ ಫೋರ್ಡ್ ಎಫ್-250 ಪಿಕಪ್‌ನಲ್ಲಿ ಮುರಿದ ಭಾಗದ ಜಾಗಕ್ಕೆ ಇನ್ನೂ ಗಟ್ಟಿಯಾದದ್ದನ್ನು ಹಾಕುತ್ತಾ ಹೋದರು. ಚಕ್ರ ದೊಡ್ಡದಾದಾಗ ಮಿಲಿಟರಿ ವಾಹನದ ಆಕ್ಸಲ್ ತಂದು ಜೋಡಿಸಿದರು. ಅದೇ ಬಿಗ್‌ಫೂಟ್ ಆಯಿತು.

ಯಾವ್ಯಾವ ಟೂಲ್ ಬೇಕು? ಲೇತ್ ಇಲ್ದೆ ಆಗುತ್ತಾ?

ಆರಾಮಾಗಿ ಆಗುತ್ತದೆ. ಮೇಜಿಗೆ ಬಿಗಿಯುವ ಸಣ್ಣ ವೈಸ್, ಹ್ಯಾಕ್‌ಸಾ, ಚಪ್ಪಟೆ ಅರ ಒಂದು, ಗುಂಡು ಅರ ಒಂದು, ಸೆಂಟರ್ ಪಂಚ್, ಕೈ ಡ್ರಿಲ್, ವರ್ನಿಯರ್ ಕ್ಯಾಲಿಪರ್, ಎಂ3 ಟ್ಯಾಪ್ (ತೂತಿನೊಳಗೆ 3 ಮಿ.ಮೀ ಸ್ಕ್ರೂಗೆ ಥ್ರೆಡ್ ಕೊರೆಯುವ ಟೂಲ್). ಇಷ್ಟಿದ್ದರೆ ಈ ಪುಟದಲ್ಲಿರುವ ಹೆಚ್ಚು ಕಡಿಮೆ ಎಲ್ಲಾ ಕೆಲಸ ಮಾಡಬಹುದು. ಹ್ಯಾಕ್‌ಸಾ ಬ್ಲೇಡ್ ಇಂಚಿಗೆ 24 ಹಲ್ಲಿನದು ತಗೊಳ್ಳಿ. ದಪ್ಪ ಹಲ್ಲಿನದು ತೆಳು ತಗಡಿಗೆ ಸಿಕ್ಕಿಕೊಂಡು ಎಳೆಯುತ್ತದೆ. ದುಡ್ಡು ಉಳಿಸಲೇಬೇಕು ಅಂದರೆ ಬೇರೆ ಎಲ್ಲಾದರೂ ಉಳಿಸಿ, ಡ್ರಿಲ್ ಬಿಟ್ ಮತ್ತು ಟ್ಯಾಪ್ ಮಾತ್ರ ಒಳ್ಳೆಯದೇ ಇರಲಿ. ಮುರಿದ ಟ್ಯಾಪ್ ತುಂಡು ತೂತಿನೊಳಗೆ ಕೂತರೆ ಭಾಗವೇ ಹಾಳು.

ಕಣ್ಣಿಗೆ ಕನ್ನಡಕ ಕಡ್ಡಾಯ. ಕಾರ್ಬನ್ ಫೈಬರ್ ಅಥವಾ ಗ್ಲಾಸ್ ಫೈಬರ್ ಹಾಳೆ ಕೊಯ್ಯುವಾಗ ಮಾಸ್ಕ್ ಕೂಡ ಬೇಕು. ಒದ್ದೆ ಮಾಡಿಕೊಂಡು ಕೊಯ್ಯಿರಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಅಲ್ಯೂಮಿನಿಯಂ, ಬೇರಿಂಗ್ ಎಲ್ಲ ಎಲ್ಲಿ ಸಿಗುತ್ತೆ?

ಬೆಂಗಳೂರಿನವರಿಗೆ ಎಸ್‌ಜೆಪಿ ರಸ್ತೆಯಲ್ಲಿ ನಟ್ಟು, ಬೋಲ್ಟು, ಟೂಲ್, ಬೇರಿಂಗ್ ಸಿಗುತ್ತವೆ. ವೈರ್, ಕನೆಕ್ಟರ್‌ಗೆ ಪಕ್ಕದ ಎಸ್‌ಪಿ ರಸ್ತೆ. ಬೇರೆ ಊರಿನವರು ಮೊದಲು ಅಲ್ಯೂಮಿನಿಯಂ ಕಿಟಕಿ ಬಾಗಿಲು ಮಾಡುವ ಅಂಗಡಿಗೆ ಹೋಗಿ ಕೇಳಿ. ಆಂಗಲ್, ಪಟ್ಟಿ, ಚೌಕ ಪೈಪಿನ ತುಂಡುಗಳು ಮೂಲೆಯಲ್ಲಿ ಬಿದ್ದಿರುತ್ತವೆ. ಕಿಟಕಿ ಸೆಕ್ಷನ್ ಸಾಮಾನ್ಯವಾಗಿ 6063 ದರ್ಜೆಯದು. ಬ್ಯಾಟರಿ ತಟ್ಟೆ, ಬ್ರಾಕೆಟ್, ಸರ್ವೋ ಮೌಂಟ್‌ಗೆ ಅದು ಸಾಕು. ಷಾಸಿ ತಗಡಿಗೆ ಮಾತ್ರ 6061-ಟಿ6 ಅಂತಲೇ ಕೇಳಿ ತಗೊಳ್ಳಿ. ದರ್ಜೆ ಗೊತ್ತಿಲ್ಲದ ಮೆದು ತಗಡು ಒಂದೇ ಜಿಗಿತಕ್ಕೆ ಬಾಗಿ, ಬಾಗಿದ ಹಾಗೇ ಉಳಿಯುತ್ತದೆ.

## ಕೈ ಪಳಗಿದ ಮೇಲೆ

ಮೊದಲು ಯಾವ ಭಾಗ ಮಾಡಲಿ?

ಹೊಟ್ಟೆ ಕೆಳಗಿನ ಸ್ಕಿಡ್ ಪ್ಲೇಟ್. ಅಡುಗೆಮನೆಯ ಬಿಳಿ ಪ್ಲಾಸ್ಟಿಕ್ ತರಕಾರಿ ಹಲಗೆ ಇದೆಯಲ್ಲ, ಅದು ಹೆಚ್ಚಾಗಿ ಎಚ್‌ಡಿಪಿಇ ಅನ್ನೋ ಪ್ಲಾಸ್ಟಿಕ್. ಗರಗಸಕ್ಕೆ ಸುಲಭವಾಗಿ ಬರುತ್ತದೆ, ಕಲ್ಲಿನ ಮೇಲೆ ಜಾರುತ್ತದೆ, ಪೆಟ್ಟಿಗೆ ಒಡೆಯುವುದಿಲ್ಲ. ಬಂಪರ್ ಕೂಡ ಅದರಲ್ಲೇ ಆಗುತ್ತದೆ. ಒಂದು ತೊಂದರೆ, ಅದಕ್ಕೆ ಅಂಟು ಹಿಡಿಯುವುದಿಲ್ಲ. ಸ್ಕ್ರೂ ಹಾಕಿಯೇ ಕೂರಿಸಬೇಕು.

ಷಾಸಿ ಪ್ಲೇಟ್ ಮನೇಲಿ ಕೊಯ್ಯೋದು ಹೇಗೆ? ಎರಡು ಕಡೇದೂ ಒಂದೇ ಥರ ಬರಲ್ಲ.

ಒಂದೇ ಥರ ಬರಬೇಕಾದರೆ ಎರಡನ್ನೂ ಒಟ್ಟಿಗೇ ಕೊಯ್ಯಬೇಕು. ಉಳಿದದ್ದೆಲ್ಲ ತಾಳ್ಮೆಯ ಕೆಲಸ.

ಮೊದಲು ರಟ್ಟಿನಲ್ಲಿ ಮಾಡಿ. ಆಕ್ಸಲ್‌ಗಳನ್ನು ಇಟ್ಟಿಗೆ ಅಥವಾ ಪುಸ್ತಕದ ಮೇಲೆ ಸರಿಯಾದ ಎತ್ತರಕ್ಕಿಟ್ಟು, ನಡುವೆ ರಟ್ಟಿನ ಷಾಸಿ ಹಿಡಿದು ನೋಡಿ. ಕ್ಲಾಡ್ ಬಸ್ಟರ್‌ನ ಟೈರು ಸುಮಾರು 16 ಸೆಂ.ಮೀ ಎತ್ತರದ್ದು. ಪೂರ್ತಿ ಸ್ಟೀರಿಂಗ್ ತಿರುಗಿಸಿ, ಒಂದು ಚಕ್ರವನ್ನು ಮೇಲಕ್ಕೆ ಒತ್ತಿ ಹಿಡಿದಾಗ ಅದು ಎಲ್ಲಿ ತಾಗುತ್ತದೆ ಅಂತ ರಟ್ಟಿನಲ್ಲೇ ಗೊತ್ತಾಗುತ್ತದೆ. ಅಲ್ಲಿ ಕತ್ತರಿ ಆಡಿಸಿ.

ಆಕಾರ ಕೂತ ಮೇಲೆ ಅದನ್ನು ಕಾಗದಕ್ಕೆ ಇಳಿಸಿ. 3 ಮಿ.ಮೀ ದಪ್ಪದ ಎರಡು ತಗಡುಗಳನ್ನು ಡಬಲ್ ಸೈಡ್ ಟೇಪಿನಿಂದ ಬೆನ್ನಿಗೆ ಬೆನ್ನು ಅಂಟಿಸಿ, ಮೇಲೆ ಕಾಗದ ಅಂಟಿಸಿ. ತೂತುಗಳ ನಡುವನ್ನು ಪಂಚ್ ಮಾಡಿ. ಮೊದಲು 2 ಮಿ.ಮೀ ಬಿಟ್ಟಿನಲ್ಲಿ, ಆಮೇಲೆ 3.2ರಲ್ಲಿ ಕೊರೆಯಿರಿ. ಎರಡು ತೂತು ಆದ ತಕ್ಷಣ ಅವುಗಳಿಗೆ ಬೋಲ್ಟ್ ಹಾಕಿ ಬಿಗಿದುಬಿಡಿ. ಕೊರೆಯುವ ಬಿಸಿಗೆ ಟೇಪ್ ಮೆತ್ತಗಾಗಿ ತಗಡು ಜರುಗಬಹುದು, ಬೋಲ್ಟ್ ಇದ್ದರೆ ಜರುಗಲ್ಲ. ಎಲ್ಲಾ ತೂತು ಮುಗಿದ ಮೇಲೆಯೇ ಹೊರ ಅಂಚು ಕೊಯ್ಯಿರಿ.

ಒಳಮೂಲೆ ಬರುವ ಕಡೆಯಲ್ಲೆಲ್ಲ ಮೊದಲು 5 ಅಥವಾ 6 ಮಿ.ಮೀ ತೂತು ಹಾಕಿ, ಗರಗಸ ಆ ತೂತಿಗೆ ಬಂದು ನಿಲ್ಲಲಿ. ಚೂಪಾದ ಒಳಮೂಲೆ ಬಿಟ್ಟರೆ ಬಿರುಕು ಶುರುವಾಗೋದು ಅಲ್ಲಿಂದಲೇ. ಗರಗಸಕ್ಕೂ ಬಿಟ್ಟಿಗೂ ಆಗಾಗ ಒಂದು ತೊಟ್ಟು ಸೀಮೆಎಣ್ಣೆ ಹಾಕುತ್ತಿರಿ, ಅಲ್ಯೂಮಿನಿಯಂ ಮೆತ್ತಿಕೊಳ್ಳುವುದಿಲ್ಲ. ಅರದ ಹಲ್ಲಿಗೆ ಸೀಮೆಸುಣ್ಣ ಉಜ್ಜಿಕೊಂಡರೆ ಪುಡಿ ಕಚ್ಚಿಕೊಳ್ಳದೆ ಉದುರುತ್ತದೆ. ಇನ್ನೂ ಒಟ್ಟಿಗೇ ಇರುವಾಗ ಅಂಚುಗಳಿಗೆ ಅರ ಹಾಕಿ. ಬೆರಳಾಡಿಸಿದಾಗ ಎಲ್ಲೂ ತರಚಬಾರದು. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಪಕ್ಕದಲ್ಲೇ ಕೂರುತ್ತದೆ, ನೆನಪಿರಲಿ.

6061-ಟಿ6 ತಗಡನ್ನು ಬಗ್ಗಿಸಲು ಹೋಗಬೇಡಿ, ಚೂಪಾಗಿ ಬಗ್ಗಿಸಿದರೆ ಬಿರುಕು ಬಿಡುತ್ತದೆ. ಬಗ್ಗಿದ ಭಾಗ ಬೇಕಿದ್ದರೆ 5052 ತಗಡು ತಗೊಳ್ಳಿ, ಇಲ್ಲವೇ ರೆಡಿ ಆಂಗಲ್ ಕೊಯ್ದುಕೊಳ್ಳಿ.

ಲಿಂಕ್ ರಾಡ್‌ಗೆ ಏನು ಬಳಸಬೇಕು? ಸೈಕಲ್ ಸ್ಪೋಕ್ ಆಗುತ್ತಾ?

ಸ್ಪೋಕ್ ಹಗುರ ಟ್ರಕ್ಕಿನ ಸ್ಟೀರಿಂಗ್ ತಂತಿಗೆ ಆಗುತ್ತದೆ. ಕ್ಲಾಡ್ ತೂಕದ ಟ್ರಕ್ಕಿನ ಆಕ್ಸಲ್ ಹಿಡಿಯೋದಕ್ಕೆ ಸಾಲದು. 6 ಮಿ.ಮೀ ಅಲ್ಯೂಮಿನಿಯಂ ರಾಡ್ ತಗೊಂಡು, ಎರಡೂ ತುದಿಗೆ 2.5 ಮಿ.ಮೀ ತೂತು ಕೊರೆದು, ಎಂ3 ಟ್ಯಾಪ್ ಹಾಕಿ, ಪ್ಲಾಸ್ಟಿಕ್ ರಾಡ್ ಎಂಡ್ (ಒಳಗೆ ಗೋಲಿ ಇರುವ, ಕಿವಿಯಂಥ ಕೀಲು) ಕೂರಿಸಿ. ನಡು ತೂತು ಕೊರೆಯೋದು ಕಷ್ಟ ಅನ್ನಿಸಿದರೆ ಎಂ3 ಥ್ರೆಡ್ ರಾಡಿನ ಮೇಲೆ ಅಲ್ಯೂಮಿನಿಯಂ ಪೈಪ್ ತೊಡಿಸಿ, ರಾಡ್ ಎಂಡ್‌ಗಳಿಂದ ಎರಡೂ ಕಡೆ ಬಿಗಿಯಿರಿ. ಇದು ಇನ್ನೂ ಗಟ್ಟಿ.

ಎಡ ಬಲ ಜೋಡಿ ಒಂದೇ ಉದ್ದ ಇರಲೇಬೇಕು. ಇಲ್ಲದಿದ್ದರೆ ಆಕ್ಸಲ್ ಓರೆಯಾಗಿ ಕೂತು ಟ್ರಕ್ ಒಂದು ಕಡೆಗೆ ಎಳೆಯುತ್ತದೆ. ಮರದ ತುಂಡಿನ ಮೇಲೆ ಎರಡು ಸ್ಕ್ರೂ ನಿಲ್ಲಿಸಿ, ಪ್ರತಿ ಲಿಂಕನ್ನೂ ಅದಕ್ಕೆ ತೊಡಿಸಿ ನೋಡಿ. ಅಳತೆಪಟ್ಟಿಗಿಂತ ಇದನ್ನೇ ನಂಬಬಹುದು.

ಸ್ಟೀರಿಂಗ್ ತುಂಬಾ ಲೂಸ್. ನೇರ ಹೋಗೋದೇ ಇಲ್ಲ.

ಕ್ಲಾಡ್ ಬಸ್ಟರ್ ಇದ್ದವರೆಲ್ಲರ ದೂರು ಇದು. ಮೂಲ ಟ್ರಕ್ಕಿನಲ್ಲಿ ಷಾಸಿಯ ನಡುವಿನ ಒಂದೇ ಸರ್ವೋ ಮುಂದಿನ ಮತ್ತು ಹಿಂದಿನ ನಾಲ್ಕೂ ಚಕ್ರ ತಿರುಗಿಸುತ್ತದೆ. ಅಷ್ಟು ಉದ್ದದ ಕೊಂಡಿಗಳಲ್ಲಿ ಪ್ರತಿ ಕೀಲಿನ ಸಡಿಲವೂ ಸೇರಿಕೊಳ್ಳುತ್ತದೆ. ಸಾಲದ್ದಕ್ಕೆ ಆಕ್ಸಲ್ ಮೇಲೆ ಕೆಳಗೆ ಆದಾಗ ಸರ್ವೋ ಸುಮ್ಮನಿದ್ದರೂ ಚಕ್ರ ತಿರುಗುತ್ತದೆ.

ಪರಿಹಾರ ಒಂದೇ, ಸರ್ವೋವನ್ನು ಆಕ್ಸಲ್ ಮೇಲೆಯೇ ಕೂರಿಸುವುದು. ಕಿಟಕಿ ಆಂಗಲ್‌ನ ಎರಡು ತುಂಡು ಸಾಕು. ಆಕ್ಸಲ್ ಜೊತೆ ಸರ್ವೋ ಕೂಡ ಕುಣಿಯುವುದರಿಂದ ಕೊಂಡಿಯ ಕೋನ ಬದಲಾಗುವುದೇ ಇಲ್ಲ. ಹಿಂದಕ್ಕೆ ಬೇರೆ ಸರ್ವೋ ಹಾಕಿ, ರೇಡಿಯೋದಲ್ಲಿ, ಅಂದರೆ ರಿಮೋಟಿನಲ್ಲಿ, ಮೂರನೇ ಚಾನಲ್‌ಗೆ ಕೊಡಿ. ಬೇಕಾದಾಗ ಮಾತ್ರ ಹಿಂದಿನ ಚಕ್ರ ತಿರುಗಿಸಬಹುದು. ವೇಗವಾಗಿ ಹೋಗುವಾಗ ಅದು ನೇರ ಇದ್ದರೇ ಒಳ್ಳೆಯದು. ನನ್ನನ್ನು ಕೇಳಿದರೆ ಕ್ಲಾಡ್ ಬಸ್ಟರ್‌ಗೆ ಮಾಡಬಹುದಾದ ಅತಿ ದೊಡ್ಡ ಉಪಕಾರ ಇದೇ.

3ಡಿ ಪ್ರಿಂಟ್ ಮಾಡಿದ ಭಾಗ ತಡೆಯುತ್ತಾ?

ಯಾವ ಪ್ಲಾಸ್ಟಿಕ್ ಮತ್ತು ಯಾವ ದಿಕ್ಕಿನಲ್ಲಿ ಪ್ರಿಂಟ್ ಮಾಡಿದ್ದೀರಿ ಅನ್ನೋದರ ಮೇಲಿದೆ. ಪಿಎಲ್‌ಎ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಟ್ರಕ್ ಇಟ್ಟರೆ ಅದು ಬಾಗಬಹುದು. ಮೋಟರ್ ಪಕ್ಕದಲ್ಲಂತೂ ಬೇಡವೇ ಬೇಡ. ಪಿಇಟಿಜಿ ಪರವಾಗಿಲ್ಲ. ಪೆಟ್ಟು ತಿನ್ನುವ ಜಾಗಕ್ಕೆ ನೈಲಾನ್.

ಪದರಗಳ ನಡುವೆ ಶಕ್ತಿ ಕಮ್ಮಿ. ಶಾಕ್ ಟವರನ್ನು ನಿಲ್ಲಿಸಿ ಪ್ರಿಂಟ್ ಮಾಡಿದರೆ ಮೊದಲ ಪೆಟ್ಟಿಗೆ ಪದರ ಬಿಟ್ಟುಕೊಳ್ಳುತ್ತದೆ, ಮಲಗಿಸಿ ಮಾಡಿದರೆ ಬಾಳಿಕೆ ಬರುತ್ತದೆ.

ಎಲ್ಲಾ ಭಾಗ ಲೋಹದ್ದೇ ಹಾಕಿಬಿಟ್ರೆ ಮುರಿಯೋ ತಲೆನೋವೇ ಇರಲ್ಲ ಅಲ್ವಾ?

ಇರುತ್ತದೆ, ಜಾಗ ಬದಲಾಗುತ್ತದೆ ಅಷ್ಟೇ. ಟ್ರಕ್ ಗೋಡೆಗೆ ಗುದ್ದಿದಾಗ ಆ ಪೆಟ್ಟು ಎಲ್ಲಾದರೂ ಹೋಗಲೇಬೇಕು. ಬಂಪರ್ ಬಾಗದಿದ್ದರೆ ಲಿಂಕಿಗೆ, ಲಿಂಕ್ ಬಾಗದಿದ್ದರೆ ಆಕ್ಸಲ್ ಕವಚಕ್ಕೆ. ಕವಚ ಒಡೆದರೆ ನೀವು ಮನೆಯಲ್ಲಿ ಮಾಡೋಕಾಗಲ್ಲ, ತರಿಸಲೇಬೇಕು.

ಹಾಗಾಗಿ ಹಾಳೆಯ ಮೇಲೆ ಪಟ್ಟಿ ಬರೆಯಿರಿ. ಹತ್ತು ನಿಮಿಷದಲ್ಲಿ ಬದಲಿಸಬಹುದಾದ, ಅಗ್ಗದ ಭಾಗ ಯಾವುದು? ಅದನ್ನೇ ದುರ್ಬಲವಾಗಿಡಿ. ನಾನು ಲಿಂಕ್ ರಾಡ್ ಗಟ್ಟಿಯಾಗಿ ಮಾಡುತ್ತೇನೆ, ತುದಿಯ ರಾಡ್ ಎಂಡ್ ಮಾತ್ರ ಪ್ಲಾಸ್ಟಿಕ್ಕೇ ಇರುತ್ತದೆ. ಜೋರಾಗಿ ಗುದ್ದಿದರೆ ಪ್ಲಾಸ್ಟಿಕ್ ಕಿವಿ ಬಾಯಿಬಿಟ್ಟು ಗೋಲಿ ಆಚೆ ಬರುತ್ತದೆ, ಆಕ್ಸಲ್ ಉಳಿಯುತ್ತದೆ. ಜೇಬಿನಲ್ಲಿ ನಾಲ್ಕು ರಾಡ್ ಎಂಡ್ ಇದ್ದರೆ ಮೈದಾನದಲ್ಲೇ ರಿಪೇರಿ. ಸರ್ವೋ ಸೇವರ್ (ಪೆಟ್ಟು ಹೀರುವ ಸ್ಪ್ರಿಂಗ್ ಭಾಗ) ತೆಗೆದು ಅಲ್ಯೂಮಿನಿಯಂ ಹಾರ್ನ್ (ಸರ್ವೋದ ತೋಳು) ಹಾಕುವವರೂ ಇದನ್ನು ಯೋಚಿಸಿ. ಆಮೇಲೆ ಪೆಟ್ಟು ನೇರ ಸರ್ವೋದ ಗೇರ್‌ಗೆ ಹೋಗುತ್ತದೆ. ಲೋಹದ ಗೇರ್ ಇರುವ ಸರ್ವೋ ಇದ್ದರೆ ಮಾತ್ರ ಹಾಗೆ ಮಾಡಿ.

ಬೋಲ್ಟ್‌ಗಳು ಓಡ್ತಾ ಓಡ್ತಾ ಬಿಚ್ಚಿ ಬೀಳ್ತವೆ.

ಲೋಹಕ್ಕೆ ಲೋಹ ಸೇರುವ ಕಡೆ ನೀಲಿ ಥ್ರೆಡ್‌ಲಾಕ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ. ಪ್ಲಾಸ್ಟಿಕ್ ಇರುವ ಕಡೆ ಹಾಕಲೇಬೇಡಿ. ಪಾಲಿಕಾರ್ಬೊನೇಟ್ ಮತ್ತು ಎಬಿಎಸ್ ಅದಕ್ಕೆ ಬಿರುಕು ಬಿಡುತ್ತವೆ. ಅಲ್ಲಿ ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವ ನಟ್) ಸಾಕು.

## ಇನ್ನೂ ಮುಂದೆ ಹೋಗುವವರಿಗೆ

ಎರಡು ಮೋಟರ್‌ಗೆ ಒಂದೇ ಸ್ಪೀಡ್ ಕಂಟ್ರೋಲರ್ ಸಾಕಾ? ಕನೆಕ್ಷನ್ ಹೇಗೆ?

ಬ್ರಷ್ ಮೋಟರ್ ಆದರೆ ಒಂದೇ ಸಾಕು, ಆದರೆ ಎರಡು ಮೋಟರಿನ ಕರೆಂಟ್ ತಡೆಯುವಂಥದ್ದು ಇರಬೇಕು. ಪ್ಯಾರಲಲ್ ಆಗಿ ಜೋಡಿಸಿದರೆ ಎರಡಕ್ಕೂ ಪೂರ್ತಿ ವೋಲ್ಟೇಜ್ ಸಿಗುತ್ತದೆ, ಕರೆಂಟ್ ಎರಡು ಪಟ್ಟು ಎಳೆಯುತ್ತದೆ. ಸೀರೀಸ್ ಜೋಡಿಸಿದರೆ ವೋಲ್ಟೇಜ್ ಹಂಚಿಹೋಗಿ ವೇಗ ಇಳಿಯುತ್ತದೆ. ಜೊತೆಗೆ ಗಾಳಿಯಲ್ಲಿರುವ ಆಕ್ಸಲ್ ಸುಮ್ನೆ ಗಿರಗಿರ ತಿರುಗಿ, ನೆಲ ಕಚ್ಚಿದ ಆಕ್ಸಲ್‌ಗೆ ಬಲ ಸಿಗುವುದಿಲ್ಲ. ಓಡಿಸೋದಕ್ಕೆ ಪ್ಯಾರಲಲ್ಲೇ ಸರಿ.

ಕ್ಲಾಡ್‌ನ ಎರಡು ಆಕ್ಸಲ್‌ಗಳು ಒಂದಕ್ಕೊಂದು ಎದುರಾಗಿ ಕೂರುವುದರಿಂದ ಒಂದು ಮೋಟರಿನ ಪ್ಲಸ್ ಮೈನಸ್ ಅದಲು ಬದಲು ಮಾಡಬೇಕು. ಜೋಡಿಸಿದ ಮೇಲೆ ಟ್ರಕ್ಕನ್ನು ಡಬ್ಬದ ಮೇಲೆ ಎತ್ತಿಟ್ಟು, ಥ್ರಾಟಲ್ ಸ್ವಲ್ಪವೇ ಒತ್ತಿ ನಾಲ್ಕೂ ಚಕ್ರ ಒಂದೇ ಕಡೆ ತಿರುಗುತ್ತವಾ ನೋಡಿ. ಟೈಮಿಂಗ್ (ಬ್ರಷ್‌ಗಳು ಕೂರುವ ಕೋನ) ಒಂದೇ ದಿಕ್ಕಿಗೆ ಹೊಂದಿಸಿದ ರೇಸಿಂಗ್ ಮೋಟರ್ ಆದರೆ ಉಲ್ಟಾ ತಿರುಗುವ ಮೋಟರ್ ನಿಧಾನ ಆಗಿ, ಜಾಸ್ತಿ ಬಿಸಿಯಾಗುತ್ತದೆ. ಟೈಮಿಂಗ್ ಸೊನ್ನೆ ಇರುವ ಮಾಮೂಲಿ 540ರಲ್ಲಿ ಈ ತೊಂದರೆ ಇಲ್ಲ.

ಸ್ಟೀರಿಂಗ್ ತಿರುಗಿಸಿದ ತಕ್ಷಣ ಟ್ರಕ್ ಆಫ್ ಆಗಿ ಮತ್ತೆ ಆನ್ ಆಗುತ್ತೆ. ಯಾಕೆ?

ಎರಡು ಬಲವಾದ ಸರ್ವೋ ಒಟ್ಟಿಗೆ ಎಳೆಯುವ ಕರೆಂಟನ್ನು ಸ್ಪೀಡ್ ಕಂಟ್ರೋಲರ್ ಒಳಗಿನ ಬಿಇಸಿ (ರಿಸೀವರ್, ಸರ್ವೋಗಳಿಗೆ ಕಡಿಮೆ ವೋಲ್ಟೇಜ್ ಒದಗಿಸುವ ಭಾಗ) ಕೊಡಲಾರದು. ವೋಲ್ಟೇಜ್ ಕುಸಿದು ರಿಸೀವರ್ ರೀಸ್ಟಾರ್ಟ್ ಆಗುತ್ತದೆ. ಸರ್ವೋಗಳಿಗೆ ಬ್ಯಾಟರಿಯಿಂದ ನೇರವಾಗಿ ಬೇರೆ ಬಿಇಸಿ ಹಾಕಿ. ಎರಡು ಬಿಇಸಿಗಳ ಪ್ಲಸ್ ವೈರ್ ಒಂದಕ್ಕೊಂದು ಸೇರದ ಹಾಗೆ, ಸ್ಪೀಡ್ ಕಂಟ್ರೋಲರ್ ಕನೆಕ್ಟರ್‌ನ ನಡುವಿನ ಕೆಂಪು ವೈರ್ ಬಿಡಿಸಿ ಟೇಪ್ ಸುತ್ತಿ. ಹಾಗೇ ರೇಡಿಯೋ ಫೇಲ್‌ಸೇಫ್ ಹೊಂದಿಸಿ. ಟ್ರಾನ್ಸ್‌ಮಿಟರ್ ಆಫ್ ಮಾಡಿದರೆ ಚಕ್ರ ನಿಲ್ಲಬೇಕು. ಇಷ್ಟು ತೂಕದ ಟ್ರಕ್ ಕೈತಪ್ಪಿ ಮಗುವಿನ ಕಾಲಿಗೆ ಹೊಡೆದರೆ ಸಣ್ಣ ವಿಷಯವಲ್ಲ.

ಹಳೇ ಬ್ಯಾಟರಿ ತೆಗೆದು ಲಿಪೋ ಹಾಕಬಹುದಾ?

ಹಾಕಬಹುದು, 2ಎಸ್ (ಸಾಲಾಗಿ ಎರಡು ಸೆಲ್ ಇರುವುದು) ಮಾತ್ರ. ಹಳೆಯ ಆರು ಸೆಲ್ ನಿಕಲ್ ಬ್ಯಾಟರಿ 7.2 ವೋಲ್ಟ್, 2ಎಸ್ ಲಿಪೋ 7.4, ತುಂಬಿದಾಗ 8.4. ಮಾಮೂಲಿ ಮೋಟರ್ ಇದನ್ನು ತಡೆಯುತ್ತದೆ, 3ಎಸ್ ಹಾಕಿದರೆ ಬೇಗ ಸುಡುತ್ತದೆ. ಸೆಲ್ಲಿಗೆ 3 ವೋಲ್ಟ್‌ಗಿಂತ ಕೆಳಗಿಳಿದರೆ ಲಿಪೋ ಹಾಳು. ನಿಮ್ಮ ಸ್ಪೀಡ್ ಕಂಟ್ರೋಲರ್‌ನಲ್ಲಿ ಲಿಪೋ ಕಟ್‌ಆಫ್ ಇಲ್ಲದಿದ್ದರೆ ಬ್ಯಾಲೆನ್ಸ್ ವೈರಿಗೆ ಸಿಕ್ಕಿಸುವ ಬಜರ್ ತಗೊಳ್ಳಿ.

ಎತ್ತಿಡುವಾಗ ಸೆಲ್ಲಿಗೆ 3.8 ವೋಲ್ಟ್ ಇರಲಿ. ಬ್ಯಾಲೆನ್ಸ್ ಚಾರ್ಜರ್‌ನಲ್ಲೇ ಚಾರ್ಜ್ ಮಾಡಿ, ಆ ಹೊತ್ತಿಗೆ ಎದುರೇ ಇರಿ. ಉಬ್ಬಿದ ಬ್ಯಾಟರಿ ಇನ್ನೊಂದು ಸಲ ನೋಡೋಣ ಅಂತ ಬಳಸಬೇಡಿ. ತಟ್ಟೆ ಮಾಡುವಾಗ ಬೋಲ್ಟಿನ ತುದಿ ಒಳಗೆ ಚಾಚಿರಬಾರದು, ಕೆಳಗೆ ತೆಳು ಫೋಮ್ ಇರಲಿ.

ಮೋಟರ್ ಮುಟ್ಟೋಕಾಗದಷ್ಟು ಬಿಸಿ ಆಗುತ್ತೆ.

ಮೊದಲು ಗೇರ್ ಕಚ್ಚುವಿಕೆ ನೋಡಿ. ಪಿನಿಯನ್ (ಮೋಟರಿನ ಸಣ್ಣ ಗೇರ್) ಮತ್ತು ದೊಡ್ಡ ಗೇರ್ ನಡುವೆ ನೋಟ್‌ಬುಕ್ ಕಾಗದದ ಪಟ್ಟಿ ಹಾಕಿ ಒತ್ತಿ, ಮೋಟರ್ ಸ್ಕ್ರೂ ಬಿಗಿದು, ಪಟ್ಟಿ ತೆಗೆಯಿರಿ. ಪಟ್ಟಿ ಹರಿಯದೆ, ಸುಕ್ಕಾಗಿ ಆಚೆ ಬಂದರೆ ಸರಿಯಾಗಿದೆ. ಈ ವಿಧಾನ ಸ್ಕ್ರೂ ಸಡಿಲಿಸಿ ಮೋಟರ್ ಜರುಗಿಸಲು ಬರುವ ಟ್ರಕ್ಕುಗಳಿಗೆ. ಆಮೇಲೆ ಪ್ಲಾಸ್ಟಿಕ್ ಬುಷ್‌ಗಳ ಜಾಗಕ್ಕೆ ಬಾಲ್ ಬೇರಿಂಗ್ ಹಾಕಿ. ಆದರೂ 80 ಡಿಗ್ರಿ ದಾಟಿದರೆ ಪಿನಿಯನ್‌ನಲ್ಲಿ ಒಂದೆರಡು ಹಲ್ಲು ಕಮ್ಮಿ ಮಾಡಿ. ಬೇರೆ ಟ್ರಕ್ಕಿನ ಪಿನಿಯನ್ ತಂದು ಹಾಕುವಾಗ ಹಲ್ಲಿನ ಗಾತ್ರ ಒಂದೇ ಇದೆಯಾ ನೋಡಿ. 32 ಪಿಚ್ ಮತ್ತು 48 ಪಿಚ್ ಕಣ್ಣಿಗೇ ಬೇರೆ ಕಾಣುತ್ತವೆ. 48 ಪಿಚ್ ಮತ್ತು 0.6 ಮಾಡ್ಯೂಲ್ ಹಾಗಲ್ಲ, ನೋಡೋಕೆ ಹತ್ತಿರ, ಆದರೆ ಜೊತೆಗೆ ಹಾಕಿದರೆ ಹಲ್ಲು ತಿನ್ನುತ್ತವೆ.

ಜಿಗಿಸಿದಾಗ ಮೂತಿ ಅಡಿಯಾಗಿ ಬೀಳುತ್ತೆ. ಶಾಕ್ ಬದಲಿಸಬೇಕಾ?

ಮೊದಲು ಬೆರಳು ಬದಲಿಸಿ ನೋಡಿ. ಗಾಳಿಯಲ್ಲಿ ಥ್ರಾಟಲ್ ಕೊಟ್ಟರೆ ಚಕ್ರ ಮುಂದಕ್ಕೆ ರಭಸವಾಗಿ ತಿರುಗಿ, ಅದರ ಎದುರು ಬಲಕ್ಕೆ ಮೂತಿ ಮೇಲೇಳುತ್ತದೆ. ಬ್ರೇಕ್ ಹಾಕಿದರೆ ಮೂತಿ ಕೆಳಗಿಳಿಯುತ್ತದೆ. ಟೈರು ಭಾರ ಇದ್ದಷ್ಟೂ ಇದು ಜಾಸ್ತಿ. ದಿಣ್ಣೆಯಿಂದ ಮೇಲೆ ಜಿಗಿಯುವಾಗ ಭಯದಿಂದ ಥ್ರಾಟಲ್ ಬಿಡುವವರ ಟ್ರಕ್ಕೇ ಹೆಚ್ಚಾಗಿ ಮೂತಿ ಅಡಿಯಾಗಿ ಬೀಳೋದು.

ಆಮೇಲೂ ಸರಿಹೋಗದಿದ್ದರೆ ಹಿಂದಿನ ಶಾಕ್ ನೋಡಿ. ಹಿಂಭಾಗ ರಪ್ಪನೆ ಎಗರುತ್ತಿದ್ದರೆ ಅಲ್ಲಿಗೆ ದಪ್ಪ ಸಿಲಿಕಾನ್ ಆಯಿಲ್ ಹಾಕಿ. ಬ್ಯಾಟರಿಯನ್ನು ಕೆಳಗೆ, ನಡುವಿಗೆ ತನ್ನಿ.

ಬಾಡಿ ಒಡೆದು ಹೋಗ್ತಾನೇ ಇರುತ್ತೆ.

ಪಾಲಿಕಾರ್ಬೊನೇಟ್ ಬಾಡಿ ಆದರೆ ಒಳಗಡೆ ಗೋಡೆ ಬಿರುಕಿಗೆ ಹಾಕುವ ಫೈಬರ್ ಮೆಶ್ ಟೇಪ್ ಇಟ್ಟು, ಮೇಲೆ ಒಣಗಿದ ಮೇಲೂ ಬಾಗುವಂಥ ರಬ್ಬರ್ ಅಂಟು ಬಳಿಯಿರಿ. ಗಟ್ಟಿಯಾಗುವ ಅಂಟು ಬೇಡ. ಮೂಲೆ ಮತ್ತು ಚಕ್ರದ ಕಮಾನುಗಳಿಗೆ ಮೊದಲೇ ಹಾಕಿದರೆ ಇನ್ನೂ ಒಳ್ಳೆಯದು. ಬಣ್ಣ ಯಾವಾಗಲೂ ಒಳಗಡೆಯಿಂದ, ಅದೂ ಪಾಲಿಕಾರ್ಬೊನೇಟ್‌ಗೆಂದೇ ಮಾಡಿದ ಬಣ್ಣ. ಮಾಮೂಲಿ ಸ್ಪ್ರೇ ಬಣ್ಣ ಮೊದಲ ಪಲ್ಟಿಗೇ ಚಕ್ಕೆ ಏಳುತ್ತದೆ.

ನನ್ನ ಷಾಸಿ ಗೆಳೆಯರಿಗೂ ಬೇಕಂತೆ. ಒಂದೇ ಥರ ನಾಲ್ಕೈದು ಮಾಡೋದು ಹೇಗೆ?

ಇಲ್ಲಿ ಹ್ಯಾಕ್‌ಸಾ ಬಿಟ್ಟುಬಿಡಿ. ರಟ್ಟಿನ ಮಾದರಿಯನ್ನು ಕಂಪ್ಯೂಟರಿನಲ್ಲಿ ಬರೆದು ಡಿಎಕ್ಸ್‌ಎಫ್ ಫೈಲ್ (ಕಟಿಂಗ್ ಯಂತ್ರಕ್ಕೆ ಕೊಡುವ ನಕ್ಷೆ) ಮಾಡಿ. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಲೇಸರ್ ಅಥವಾ ವಾಟರ್‌ಜೆಟ್ ಕಟಿಂಗ್ ಮಾಡಿಕೊಡುತ್ತಾರೆ. ಒಂದೇ ತುಂಡಿಗೆ ಕೇಳಿದರೆ ದುಬಾರಿ, ನಾಲ್ಕೈದು ಒಟ್ಟಿಗೆ ಕೊಟ್ಟರೆ ತಲಾ ಖರ್ಚು ಇಳಿಯುತ್ತದೆ. ಟ್ಯಾಪ್ ಹಾಕುವ ತೂತುಗಳನ್ನು 2.5 ಅಲ್ಲ, 2 ಮಿ.ಮೀಗೆ ಬರೆಯಿರಿ. ಲೇಸರ್ ಕೊಯ್ದ ಅಂಚು ಒರಟಾಗಿರುತ್ತದೆ, ಆಮೇಲೆ ಕೈಯಲ್ಲಿ 2.5ಕ್ಕೆ ಕೊರೆದರೆ ಟ್ಯಾಪ್ ನೇರ ಇಳಿಯುತ್ತದೆ. ಫೈಲ್ ಕಳಿಸುವ ಮೊದಲು 1:1 ಅಳತೆಯಲ್ಲಿ ಪ್ರಿಂಟ್ ತೆಗೆದು, ರಟ್ಟಿಗೆ ಅಂಟಿಸಿ, ಕತ್ತರಿಸಿ, ಆಕ್ಸಲ್ ಶಾಕ್ ಎಲ್ಲಾ ಜೋಡಿಸಿ ನೋಡಿ. ಪ್ರಿಂಟರ್ ಕಾಗದಕ್ಕೆ ಹೊಂದಿಸಲು ಅಳತೆ ಸ್ವಲ್ಪ ಕುಗ್ಗಿಸಿರಬಹುದು. ಚಿತ್ರದಲ್ಲೇ 100 ಮಿ.ಮೀ ಗೆರೆ ಒಂದನ್ನು ಎಳೆದಿಟ್ಟು, ಪ್ರಿಂಟಿನ ಮೇಲೆ ಅದನ್ನು ವರ್ನಿಯರ್ ಇಟ್ಟು ಅಳೆಯಿರಿ.